ಮದೀಹಾಳ ಉತ್ತರ ಸರಿಯಿತ್ತು

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಈ ಪತ್ರವನ್ನು ಮೂರು ಸಲ ಬರೆದೆ. ಮೂರು ಸಲವೂ ಒಂದು ವಾಕ್ಯವನ್ನು ಬಿಟ್ಟೆ. ಬಿಟ್ಟೇ ಕಳಿಸಿದ್ದರೆ ನಿಮ್ಮನ್ನು ಬಯ್ಯುವುದು ಸುಲಭವಾಗುತ್ತಿತ್ತು. ಆ ವಾಕ್ಯ ಇದು: ಮದೀಹಾಳ ಸರಿಯುತ್ತರವನ್ನು ಮೊದಲು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವಳು ನಾನು. ನಿಮ್ಮ ಕಚೇರಿ ಹೊಡೆದುಹಾಕಿದ್ದು ಆಮೇಲೆ.

ಮದೀಹಾ ನಾನು ಗಣಿತ ಹೇಳಿಕೊಡುವ ಹೊಳಲ್ಕೆರೆ ಕಡೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ಸೆಮಿಸ್ಟರ್ ಮುಗಿಸಿದ ಹುಡುಗಿ. ಗಣಿತದ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾಗಿ ಫೇಲಾಗಿದ್ದಾಳೆ. ಕಂಪ್ಯೂಟರ್ ಕೊಟ್ಟ ಉತ್ತರವನ್ನು ಕಂಪ್ಯೂಟರ್ ಪರೀಕ್ಷೆಯಲ್ಲಿ ಬರೆದದ್ದು ಅವಳ ತಪ್ಪು. ಎಂ.ಎಸ್ಸಿ. ಅರ್ಜಿಗೆ ಈ ತಿಂಗಳ ಕೊನೆಯೇ ಗಡುವು. ಪ್ರಾಯೋಗಿಕಕ್ಕೆ ಮರುಮೌಲ್ಯಮಾಪನ ಇಲ್ಲವೆಂದು ನಿಮ್ಮ ಕಚೇರಿ ಒಂದೂವರೆ ಸಾಲಿನಲ್ಲಿ ತಿಳಿಸಿದೆ.

ನಮ್ಮಲ್ಲಿ ಗಣಿತದ ತಂತ್ರಾಂಶ ಕಲಿಯುವ ಕ್ರಮ ನಿಮಗೆ ಗೊತ್ತಿರಲಿಕ್ಕಿಲ್ಲ, ಅಥವಾ ಚೆನ್ನಾಗಿಯೇ ಗೊತ್ತಿರಬಹುದು. ಪ್ರಯೋಗಾಲಯದಲ್ಲಿ ಹನ್ನೆರಡು ಕಂಪ್ಯೂಟರುಗಳಿವೆ, ಪ್ರತಿಯೊಂದಕ್ಕೂ ಹೂವಿನ ಚಿತ್ರದ ಮುಸುಕು ಇದೆ. ಅಟೆಂಡರ್ ಕಾಟಲಿಂಗಪ್ಪನವರು ವಾರಕ್ಕೊಮ್ಮೆ ಮುಸುಕು ಒಗೆಸುತ್ತಾರೆ. ಬೀಗದ ಕೈ ಕೇಳಿದರೆ, "ಯಾಕ್ರಿ ಮೇಡಂ, ಇನ್ಸ್‌ಪೆಕ್ಷನ್‌ಗೆ ಅಂತ ನೀಟಾಗಿ ಇಟ್ಟೀನಿ, ಹುಡುಗ್ರು ಮುಟ್ಟಿದ್ರೆ ಏನಾರ ಆಯ್ತದೆ" ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟರೆ ಕೇಳುವುದು ಅವರನ್ನೇ. ಆದ್ದರಿಂದ ವಿದ್ಯಾರ್ಥಿಗಳು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಇಸಿದುಕೊಂಡು ಪ್ರೋಗ್ರಾಂ ಕಾಪಿ ಮಾಡುತ್ತಾರೆ, ಕೆಳಗೆ ಪೆನ್ಸಿಲಿನಲ್ಲಿ ಚೌಕ ಹಾಕಿ ಔಟ್‌ಪುಟ್ ಕಾಪಿ ಮಾಡುತ್ತಾರೆ. ನಾವು ಸಹಿ ಹಾಕುತ್ತೇವೆ. ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಆದರೂ ಅದನ್ನು ಯಾರೂ ತೆರೆದಿರುವುದಿಲ್ಲ. ಅಡುಗೆಯ ಪರೀಕ್ಷೆಯಲ್ಲಿ ಸಾರಿನ ರುಚಿಯನ್ನು ಹಾಳೆಯ ಮೇಲೆ ಬರೆಸಿಕೊಂಡು ಅಂಕ ಕೊಟ್ಟರೆ ನೀವು ಒಪ್ಪುತ್ತೀರಾ?

ಮದೀಹಾ ಮಾತ್ರ ತೆರೆದಳು. ಚಿಕ್ಕಜಾಜೂರಿನ ಸ್ಟೇಷನ್ ರಸ್ತೆಯಲ್ಲಿ ಅವಳ ತಂದೆ ಲಾಲ್ ಸಾಬ್ ಅವರ ಟೈಲರ್ ಅಂಗಡಿ. ಅದರಲ್ಲೇ ಒಂದು ಮೂಲೆಗೆ ಅಣ್ಣ ಹಫೀಜ್‌ನ ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್. ಗಿರಾಕಿ ಇಲ್ಲದ ಹೊತ್ತಿನಲ್ಲಿ ತಂತ್ರಾಂಶ ಇಳಿಸಿಕೊಂಡು, ರೆಕಾರ್ಡ್ ನೋಡಿ ಪ್ರೋಗ್ರಾಂ ಟೈಪ್ ಮಾಡಿದಳು. ಓಡಲಿಲ್ಲ. ನನಗೆ ಫೋನ್ ಮಾಡಿ, "ಮೇಡಂ, ಬರೀ ಎರರ್ ಬರ್ತೈತೆ, ಏನ್ ಮಾಡ್ಲಿ?" ಎಂದಳು. "ರೆಕಾರ್ಡಿನಲ್ಲಿ ಇದ್ದಹಾಗೆ ಬರಿಯಮ್ಮ, ಸಾಕು" ಎಂದೆ. ನಾಲ್ಕು ವರ್ಷ ಆ ಪಾಠ ಮಾಡಿದ್ದ ನಾನು ಆ ಪ್ರೋಗ್ರಾಮನ್ನು ಒಮ್ಮೆಯೂ ಟೈಪ್ ಮಾಡಿರಲಿಲ್ಲ.

ಎರಡು ವಾರದ ನಂತರ ಅವಳ ರೆಕಾರ್ಡ್ ಬಂತು. x³ − 2x − 5 = 0 ಎಂಬ ಸಮೀಕರಣದ ಮೂಲ 2.0946 ಎಂದು ಬರೆದಿದ್ದಳು. ಉಳಿದ ಮೂವತ್ತೊಂದು ಪುಸ್ತಕಗಳಲ್ಲಿ 2.0496 ಇತ್ತು. ಮೂವತ್ತೊಂದು ಜನ ತಪ್ಪುವುದುಂಟೇ? ಕೆಂಪು ಗೆರೆ ಎಳೆದು ಅಂಕ ಕಡಿಮೆ ಮಾಡಿದೆ.

ಪರೀಕ್ಷೆಯ ದಿನ ಕರೆಂಟ್ ಇತ್ತು. ಆದರೂ ಹೊರಗಿನಿಂದ ಬಂದ ಪರೀಕ್ಷಕರು, "ಟೈಮ್ ಇಲ್ಲ, ಪೇಪರ್ ಮೇಲೇ ಔಟ್‌ಪುಟ್ ಬರೀರಿ" ಎಂದರು. ಬಂದದ್ದು ಅದೇ ಲೆಕ್ಕ. ಮದೀಹಾ ಮತ್ತೆ 2.0946 ಬರೆದಳು. ನೀವು ಕಳಿಸಿದ ಮಾದರಿ ಉತ್ತರದಲ್ಲಿ 2.0496 ಇತ್ತು; ಅದೂ ಯಾವುದೋ ಹಳೆಯ ರೆಕಾರ್ಡಿನಿಂದಲೇ ಬಂದಿರಬೇಕು. ಔಟ್‌ಪುಟ್‌ನ ನಾಲ್ಕೂ ಅಂಕ ಹೋದವು.

ಫಲಿತಾಂಶ ಬಂದ ಮೇಲೆ ಸಮಾಧಾನ ಹೇಳಲೆಂದು ಚಿಕ್ಕಜಾಜೂರಿಗೆ ಹೋದೆ. ಮದೀಹಾ ಅಳುತ್ತಿರಲಿಲ್ಲ. ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ ರೆಕಾರ್ಡ್ ತೆರೆದಿಟ್ಟು, "ನೀವೇ ಟೈಪ್ ಮಾಡ್ರಿ ಮೇಡಂ" ಎಂದಳು. ಮೂರನೆಯ ಸಾಲಿಗೇ ನಿಂತೆ. ಗುಣಾಕಾರದ × ಗುರುತು ಕೀಬೋರ್ಡಿನ ಮೇಲೆ ಎಲ್ಲೂ ಸಿಗಲಿಲ್ಲ.

"ಅದು ಇರಾದೇ ಇಲ್ಲ ಮೇಡಂ. ನಾನೂ ಅವತ್ತು ಹುಡುಕಿ ಹುಡುಕಿ ಸುಸ್ತಾದೆ. ಎಕ್ಸ್ ಅಕ್ಷರ ಒತ್ತಿದ್ರೆ ಎರರ್. ನಕ್ಷತ್ರ ಒತ್ರಿ."

ವರ್ಷ ವರ್ಷ ಕೈಯಿಂದ ಕೈಗೆ ಕಾಪಿಯಾಗುತ್ತಾ ನಕ್ಷತ್ರದ ಗುರುತು × ಆಗಿಬಿಟ್ಟಿತ್ತು, ಔಟ್‌ಪುಟ್‌ನಲ್ಲಿ 9 ಮತ್ತು 4 ಹಿಂದುಮುಂದಾಗಿದ್ದವು. ಒಮ್ಮೆ ಓಡಿಸಿದ್ದರೆ ಎರಡೂ ಆವತ್ತೇ ಸಿಕ್ಕಿಬೀಳುತ್ತಿದ್ದವು. ಎರರ್ ಬಂದಾಗ ಪರದೆಯ ಇಂಗ್ಲಿಷ್ ವಾಕ್ಯವನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಾನು ಸ್ಪಷ್ಟವಾಗಿ ಓದಿದೆ, ಏನು ಮಾಡಬೇಕೆಂದು ತಿಳಿಯಲಿಲ್ಲ. ಕನ್ನಡ ಮಾಧ್ಯಮದ ಮದೀಹಾ ಸಾಲಿನ ಸಂಖ್ಯೆ ನೋಡಿ ತಪ್ಪಿನ ಮೇಲೆ ಬೆರಳಿಟ್ಟಳು. ಓಡಿಸಿದೆ. 2.0946.

ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ ಲಾಲ್ ಸಾಬ್ ಕೇಳಿದರು: "ನಾವು ಯಾರದೋ ಹಳೇ ಅಳತೆ ನೋಡಿ ಇನ್ಯಾರಿಗೋ ಅಂಗಿ ಹೊಲಿದ್ರೆ ಗಿರಾಕಿ ಮುಖಕ್ಕೆ ಬಿಸಾಕ್ತಾನೆ. ನಿಮ್ಮಲ್ಲಿ ಅದಕ್ಕೇ ಮಾರ್ಕ್ಸ್ ಕೊಡ್ತಾರೇನ್ರಿ? ಮಗಳು ತಪ್ಪು ಬರ್ದಿದ್ರೆ ಬಯ್ತಿದ್ದೆ ಮೇಡಂ. ಸರಿ ಬರ್ದಿದ್ದಕ್ಕೆ ಏನಂತ ಬಯ್ಲಿ, ನೀವೇ ಹೇಳಿಕೊಡ್ರಿ."

ಅವರ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಿಮಗೆ ಉತ್ತರ ತೋಚುತ್ತದೆಯೇ? ಕಂಪ್ಯೂಟರ್ ಬೇಡ, ಪೆನ್ನು ಹಾಳೆ ಸಾಕು: ನಿಮ್ಮ 2.0496 ಅನ್ನು ಸಮೀಕರಣದಲ್ಲಿ ಹಾಕಿ ನೋಡಿ. ಸೊನ್ನೆ ಬರಬೇಕಾದಲ್ಲಿ ಋಣ ಅರ್ಧದ ಹತ್ತಿರ ಬರುತ್ತದೆ. ಐದು ನಿಮಿಷದ ಕೆಲಸ. ನಾನೂ ಆ ಐದು ನಿಮಿಷ ಕೊಡಲಿಲ್ಲ ಎಂಬುದು ಈಗ ದಿನವಿಡೀ ಕುಟುಕುತ್ತಿದೆ. ಹಿಂದಿನ ವರ್ಷಗಳಲ್ಲಿ ಇನ್ನೆಷ್ಟು ಮಕ್ಕಳು ಸರಿ ಬರೆದು, ನನ್ನ ಕೆಂಪು ಗೆರೆ ನೋಡಿ ಸುಮ್ಮನೆ ತಿದ್ದಿಕೊಂಡರೋ ಗೊತ್ತಿಲ್ಲ.

ನನ್ನ ಬೇಡಿಕೆ ಇಷ್ಟು. ಗಡುವಿಗೆ ಮುಂಚೆ ಮದೀಹಾಳ ಉತ್ತರ ಪತ್ರಿಕೆ ತೆಗೆಸಿ, ಆ ನಾಲ್ಕು ಅಂಕ ಹಿಂದಿರುಗಿಸಿ. ನಿಯಮ ಅಡ್ಡ ಬಂದರೆ, ತಪ್ಪು ಮಾದರಿ ಉತ್ತರ ಕಳಿಸಲು ಯಾವ ನಿಯಮ ಅವಕಾಶ ಕೊಟ್ಟಿತೆಂದು ಲಿಖಿತವಾಗಿ ತಿಳಿಸಿ. ಮುಂದಿನ ಪರೀಕ್ಷೆಯಿಂದ ಮುಸುಕು ತೆಗೆಸಿ, ಮಕ್ಕಳ ಕೈಯಲ್ಲಿ ಯಂತ್ರವನ್ನೇ ಓಡಿಸಿ. ನಾನು ಅಂಕ ಕಡಿಮೆ ಮಾಡಿದ್ದು ತಪ್ಪೆಂಬ ಹೇಳಿಕೆಯನ್ನು ಸಹಿ ಮಾಡಿ, ಆ ರೆಕಾರ್ಡಿನ ಹಾಳೆಯ ಜೆರಾಕ್ಸ್ ಜೊತೆಗೆ ಲಗತ್ತಿಸಿದ್ದೇನೆ. ಮದೀಹಾಳ ಹೆಸರನ್ನು ಅವಳನ್ನು ಕೇಳಿಯೇ ಬರೆದಿದ್ದೇನೆ. "ಹಾಕ್ರಿ ಮೇಡಂ, ಸ್ಪೆಲಿಂಗ್ ಒಂದು ನೋಡ್ಕಳ್ರಿ" ಎಂದು ನಕ್ಕಳು.

ನನಗೆ ಈ ವರ್ಷ ಕೆಲಸವಿದೆಯೋ ಇಲ್ಲವೋ ತಿಳಿಸುವ ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಹದಿನೈದರಂದು ಬರುತ್ತದೆ. ಅದರಲ್ಲಿ ನನ್ನ ಹೆಸರು ಬಂದ ಮೇಲೆ ಇದನ್ನು ಕಳಿಸೋಣ ಎಂದು ಮನಸ್ಸು ಹೇಳಿತು. ಹೆಸರು ಬಂದರೆ ಕಳಿಸುತ್ತೇನೆಯೇ ಎಂಬ ಅನುಮಾನವೂ ಬಂತು.

ಇಂತಿ,
ನಕ್ಷತ್ರದ ಗುಂಡಿ ಎಲ್ಲಿದೆಯೆಂದು ವಿದ್ಯಾರ್ಥಿನಿಯಿಂದ ಕಲಿತ
ಗಣಿತದ ಅತಿಥಿ ಉಪನ್ಯಾಸಕಿ

ರಿಜಿಸ್ಟರ್ಡ್ ಅಂಚೆಗೆ ಹಾಕುವ ದಿನ: ಜುಲೈ ಹದಿನಾಲ್ಕು.