ಕಮಲಾಪುರದಿಂದ ಕೇಳಿದ್ದು

14 ನವೆಂಬರ್ 2024, ಸಂಜೆ

ಇವತ್ತೂ ಅದೇ ಗೊರಗೊರ. ನಮ್ಮ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಹೊಸ ಅಪಾರ್ಟ್‌ಮೆಂಟ್ ಎದ್ದ ಮೇಲೆ ಅದರ ಲಿಫ್ಟಿನ ವಿದ್ಯುತ್ ಗದ್ದಲಕ್ಕೆ, ದೇಶವಿದೇಶದ ಹವ್ಯಾಸಿಗಳ ಜೊತೆ ಮಾತಾಡುವ ನನ್ನ ಹ್ಯಾಮ್ ರೇಡಿಯೊ ಕಿವುಡಾಗಿದೆ. ಕರೆಂಟ್ ಹೋದರಷ್ಟೇ, ಬ್ಯಾಟರಿಯಲ್ಲಿ ಏನಾದರೂ ಕೇಳುತ್ತದೆ — ಕಲಬುರಗಿಯಲ್ಲಿ ಪವರ್ ಕಟ್‌ಗೆ ಖುಷಿಪಡುವವ ನಾನೊಬ್ಬನೇ! ಉಳಿದ ಹೊತ್ತು ಗೆಳೆಯ ದಿಲೀಪನೇ ಗತಿ. ಕಮಲಾಪುರದ ತನ್ನ ಮನೆಯ ರಿಸೀವರನ್ನು ಇಂಟರ್‌ನೆಟ್ಟಿಗೆ ಜೋಡಿಸಿಕೊಟ್ಟಿದ್ದಾನೆ. ಇಲ್ಲಿ ಕೂತು ಕೇಳುತ್ತೇನೆ.

ಶನಿವಾರ, ಭಾನುವಾರ ಸ್ಪರ್ಧೆ; ರೇಡಿಯೊದಲ್ಲಿ ಹೆಚ್ಚು ಜನರನ್ನು ಮಾತಾಡಿಸಿದವರು ಗೆದ್ದಂತೆ. ನೆರವಿಲ್ಲದ ವಿಭಾಗಕ್ಕೆ ಹೆಸರು ಕೊಟ್ಟೆ. ಸ್ವಂತ ಆಂಟೆನಾದಲ್ಲಿ ಕೇಳಿದ್ದಷ್ಟೇ ಲೆಕ್ಕ. ದೂರದ ರಿಸೀವರ್ ಬಳಸುವವರದು ಬೇರೆ, ನೆರವಿನ ವಿಭಾಗ. ದಿಲೀಪನೂ ಆಡುತ್ತಾನಂತೆ. "ನೋಡ್ತಿರು ಸುನ್ಯಾ, ಈ ಸಲ ನಿನ್ನ ಸೋಲಸ್ತೀನಿ" ಅಂದ.

16 ನವೆಂಬರ್, ಮಧ್ಯಾಹ್ನ

ಬೆಳಗಿನಿಂದ ಕರೆದೆ. ಯಾರೋ ಉತ್ತರಿಸುತ್ತಾರೆ, ಗದ್ದಲದಲ್ಲಿ ಹೆಸರೇ ಹತ್ತುವುದಿಲ್ಲ. ಸಿಟ್ಟು ನೆತ್ತಿಗೇರಿತು. ಲಿಫ್ಟ್ ಅವರದು, ಶಿಕ್ಷೆ ನನಗೆ. ಇದ್ಯಾವ ನ್ಯಾಯ? ಕಮಲಾಪುರದ ಲಿಂಕ್ ತೆರೆದೆ. ಬರೀ ಕೇಳಲಿಕ್ಕೆ...

ಸಂಜೆ

ಜಪಾನ್, ಇಟಲಿ, ಶ್ರೀಲಂಕಾ — ಎಲ್ಲ ಪಕ್ಕದ ಕೋಣೆಯವರಂತೆ. ಉತ್ತರ ಕೊಟ್ಟೆ. ಲೆಕ್ಕಕ್ಕೂ ಹಿಡಿದೆ. ಕರೆಯುವುದು ನನ್ನ ಮನೆಯಿಂದಲೇ ತಾನೆ?

ದಿಲೀಪನ ಸದ್ದೇ ಇಲ್ಲ. ಯಾರದೋ ಮದುವೆಗೆ ಹೋಗಿರಬೇಕು.

9 ಫೆಬ್ರವರಿ 2025

ಫಲಿತಾಂಶ. ದೇಶಕ್ಕೆ ನಾನೇ ಮೊದಲು. ಹ್ಯಾಮ್ ಗೆಳೆಯರ ಗ್ರೂಪಿನಲ್ಲಿ ಅಭಿನಂದನೆಗಳ ಸುರಿಮಳೆ. ಒಂದಕ್ಕೂ ಉತ್ತರಿಸಲು ಕೈ ಬರಲಿಲ್ಲ.

10 ಫೆಬ್ರವರಿ

ದಿಲೀಪ ಬಂದಿದ್ದ. ಬಸ್ಸಿನಲ್ಲಿ, ಚೀಲದ ತುಂಬ ಕೆಂಪು ಬಾಳೆಹಣ್ಣು. ಬಾಗಿಲಲ್ಲೇ ಅಪ್ಪಿಕೊಂಡ.

"ಸ್ಪರ್ಧೆ ದಿವಸ ರಿಸೀವರ್‌ದಾಗ ಒಬ್ಬಾಂವ ಕೇಳಾಕತ್ತಾನ ಅಂತ ತೋರಿಸ್ತು. ನೀನೇ ಅಂತ ಗೊತ್ತಾತು. ನಾ ಅದೇ ಮನ್ಯಾಗಿಂದ ಮಾತಾಡಿದ್ರ ನಿನಗ ಏನೂ ಕೇಳತಿರಲಿಲ್ಲ. ಕಿವ್ಯಾಗ ಒದರಿದಂಗ ಆಗ್ತದ. ಅದಕ್ಕ ನನ್ನ ರೇಡಿಯೊ ಬಂದ್ ಮಾಡಿ ಕುಂತೆ."

"ಎರಡೂ ದಿನ?"

"ಹೂಂ. ಮನಿಯಾಕಿ ಬೈದಳು, ವರ್ಷಪೂರ್ತಿ ತಯಾರಿ ಮಾಡಿ ಸುಮ್ನ ಕುಂತೀರಲ್ಲಾ ಅಂತ. ಇರ್ಲಿ ಬಿಡು, ನೆರವಿನ ವಿಭಾಗದಾಗ ನಮ್ಮಾಂವ ಗೆಲ್ಲಲಿ ಅಂದೆ."

ನಾನು ಬಾಳೆಹಣ್ಣಿನ ಚೀಲದ ಕಡೆ ಮುಖ ತಿರುಗಿಸಿದೆ.

"ಅದರಾಗೇ ಹಾಕೀದಿಲ್ಲೊ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಇಲ್ಲ, ನೆರವಿಲ್ಲದ ವಿಭಾಗದಲ್ಲಿ ಅಂದೆ.

ನನ್ನ ಮುಖವನ್ನೇ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ಬಸ್ಸಿಗೆ ಹೊತ್ತಾತು" ಅಂತ ಎದ್ದು ಹೋದ. ಹೆಂಡತಿ ಅಂಜನಾ ಒಳಗಿನಿಂದ ಕಪ್ಪು ಹಿಡಿದು ಬಂದಳು.

"ಯಾಕ್ರೀ, ಅಣ್ಣಾರು ಚಹಾ ಕುಡೀದೇ ಹೋದ್ರು?"

11 ಫೆಬ್ರವರಿ

ಸ್ಪರ್ಧೆಯವರಿಗೆ ಬರೆದೆ, ನನ್ನ ಹೆಸರು ತೆಗೆಯಿರಿ ಅಂತ. ಕಾರಣವನ್ನೂ ಬರೆದೆ. ಗ್ರೂಪಿಗೂ ಹಾಕಿದೆ. ನಾಚಿಕೆಯಿಂದ ಸತ್ತೆ. ಆದರೂ ಅವನ ವರ್ಷ ತಿರುಗಿ ಬರುವುದಿಲ್ಲ. ಫೋನ್ ರಿಂಗಾಗುತ್ತದೆ, ದಿಲೀಪ ಎತ್ತುವುದಿಲ್ಲ.

16 ಫೆಬ್ರವರಿ, ಭಾನುವಾರ ಬೆಳಿಗ್ಗೆ

ಭಾನುವಾರ ಈ ಹೊತ್ತಿಗೆ ನಾವಿಬ್ಬರೂ ರೇಡಿಯೊದಲ್ಲಿ ಮಾತಾಡುವುದು. ಕರೆದೆ. ಇಲ್ಲಿ ಬರೀ ಗದ್ದಲ. ಕಮಲಾಪುರದ ಲಿಂಕ್ ಮುಚ್ಚಿರುತ್ತಾನೆ ಅಂದುಕೊಂಡಿದ್ದೆ. ತೆರೆದೇ ಇದೆ. ಮುಚ್ಚಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಅದರಲ್ಲೇ ಕಿವಿಯಿಟ್ಟು ಕರೆದೆ. ನನ್ನ ದನಿ ಅವನ ಮನೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿದೆ. ಅವನು ಉತ್ತರಿಸಿದರೆ ಜೋರು ಶಬ್ದವಾದರೂ ಬರಬೇಕು. "ದಿಲೀಪಾ, ಇದ್ದೀಯೇನು?" ಅಂತ ನಾನೇ ಕೇಳುತ್ತೇನೆ, ಅದು ನನಗೇ ಕೇಳುತ್ತದೆ. ಮತ್ತೆ ಕರೆದೆ. ಮತ್ತೆ ನನ್ನದೇ ದನಿ.