ನೀವು ಮೊದಲು ಹೋಗಿ

ಅಕ್ಕನಿಗೆ, ಡೆವನ್ ಸೀಮೆಯ ಹೆಸರಿಲ್ಲದ ಓಣಿಯೊಂದರ ನಟ್ಟನಡುವಿನಿಂದ ತಂಗಿಯ ವಂದನೆಗಳು.

ಹೊಸ ಕ್ಯಾಂಪರ್ ವ್ಯಾನು ಭೇಷಾಗಿದೆ. ಹಾಸಿಗೆ ಮೆತ್ತಗಿದೆ, ಒಲೆ ಉರಿಯುತ್ತದೆ, ಗಾಡಿ ಮುಂದಕ್ಕೆ ಚೆನ್ನಾಗಿ ಓಡುತ್ತದೆ. ಹಿಂದಕ್ಕೆ ಓಡಿಸಲು ನನ್ನ ಗಂಡಮಹಾಶಯ ನೈಜೆಲ್‌ಗೆ ಬಾರದು ಎಂಬ ಸತ್ಯ ನಿನ್ನೆ ಹೊರಬಿತ್ತು. ಸಮುದ್ರ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ಎದುರಿನಿಂದ ಇನ್ನೊಂದು ಕ್ಯಾಂಪರ್ ಬಂತು. ಓಣಿಯ ಎರಡೂ ಬದಿಗೆ ಆಳೆತ್ತರದ ಬೇಲಿ. ಯಾರಾದರೊಬ್ಬರು ಹಿಂದೆ ಸರಿಯಲೇಬೇಕು.

"ನೀವು ಮೊದಲು ಹೋಗಿ ಸಾರ್," ಎಂದ ನೈಜೆಲ್, ದಾಟಿಹೋಗಲು ಜಾಗವಿದೆಯೇನೋ ಎಂಬ ಹಾಗೆ.

"ಛೇ ಛೇ, ಎಲ್ಲಾದ್ರೂ ಉಂಟಾ? ನೀವೇ ಮೊದಲು," ಎಂದರು ಆ ವ್ಯಾನಿನ ಟ್ರೆವರ್. ಅವರಿಗೂ ರಿವರ್ಸ್ ಬಾರದು. ಒಪ್ಪಿಕೊಳ್ಳಲು ಇಬ್ಬರಿಗೂ ಬಾಯಿ ಬಾರದು.

ಈ ಮರ್ಯಾದೆ ಮುಗಿಯುವ ಮೊದಲೇ ಚಹಾದ ಹೊತ್ತಾಯಿತು. ಎರಡು ವ್ಯಾನುಗಳ ಮೂತಿಯ ನಡುವೆ ಕುರ್ಚಿ ಹಾಕಿ ಕೂತೆವು. ಟ್ರೆವರ್‌ರ ಹೆಂಡತಿ ಗ್ಲೆನಿಸ್ ಕೇಕ್ ಕೊಯ್ದಳು. ರಾತ್ರಿ ಅಲ್ಲೇ ಮಲಗಿದೆವು.

ಇವತ್ತು ಬೆಳಿಗ್ಗೆ ಟ್ರೆವರ್ ಹಲ್ಲುಜ್ಜುತ್ತಿದ್ದಾಗ ಗ್ಲೆನಿಸ್ ಸ್ಟೇರಿಂಗ್ ಹಿಡಿದು, ಓಣಿ ಅಗಲವಾಗುವವರೆಗೆ ವ್ಯಾನನ್ನು ಸಲೀಸಾಗಿ ಹಿಂದಕ್ಕೆ ಒಯ್ದಳು.

"ನಿನ್ನೆ ಯಾಕೆ ಸುಮ್ನಿದ್ರಿ?" ಎಂದು ಕೂಗಿದೆ.

"ಇವ್ರು ಕೇಳ್ಲೇ ಇಲ್ಲ ಕಣ್ರೀ."

ದಾರಿ ತೆರವಾಯಿತು, ಸಮುದ್ರ ಕಾಣಿಸಿತು. ಆಗ ನೈಜೆಲ್ ಕಿಟಕಿಯಿಂದ ತಲೆ ಹೊರಹಾಕಿ, "ಹಾಗಲ್ಲ ಮೇಡಂ, ಹೆಂಗಸರು ಮೊದಲು," ಎಂದುಬಿಟ್ಟ. ಗ್ಲೆನಿಸ್ ಮರ್ಯಾದಸ್ಥೆ. ಥ್ಯಾಂಕ್ಸ್ ಎಂದು ಕೈಬೀಸಿ ಮುಂದಕ್ಕೆ ಬಂದೇಬಿಟ್ಟಳು. ಈಗ ಮತ್ತೆ ಮೂತಿಗೆ ಮೂತಿ.

ಆರೋಗ್ಯಕ್ಕೇನೂ ತೊಂದರೆಯಿಲ್ಲ, ಹಾಲು ಮಾತ್ರ ಮುಗಿದಿದೆ. ಅಂಚೆಯವನು ಬೇಲಿ ಹತ್ತಿ ಈ ಕಾಗದಕ್ಕೆ ಕಾಯುತ್ತಿದ್ದಾನೆ. ಭಾನುವಾರದ ಊಟಕ್ಕೆ ನಮಗಾಗಿ ಕಾಯದೆ ನೀವೆಲ್ಲ ಮೊದಲು ಕೂತುಬಿಡಿ.

ಹಿಲರಿ