ಲೋಟ ಬಡಿಯುವ ತನಕ

ಜೂನ್ ೪, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ನೀನು, ನಿನ್ನ ಗಂಡ, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ ಎಂದು ಬರೆಯಲು ಕೈ ಹೋಯಿತು, ತಡೆದೆ. ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. "ಅಕ್ಕ ಈಗ ದೊಡ್ಡ ಮನುಷ್ಯಳು" ಎಂದು ಗಂಡನ ಹತ್ತಿರ ಆಡಿಕೊಂಡೂ ಇರುತ್ತೀ. ಆಡಿಕೋ, ಪರವಾಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಮಹಡಿಯ ಕೋಣೆಗೆ ಕೇಳಿಸುತ್ತದೆ, ಅಲ್ಲಿ ಮಗಳು ಓದುತ್ತಿರುತ್ತಾಳೆ. ನಾನು ಹೇಳುವುದು ಅವಳ ಕಿವಿಗೆ ಬೀಳಬಾರದು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಮೆಡಿಕಲ್ ಕಾಲೇಜಿನ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ, ಒಳ್ಳೆಯ ಅಂಕವೇ ಬಂದಿದೆ. ಇನ್ನು ಬಾಕಿ ಇರುವುದು ಸಂದರ್ಶನ, ಇದೇ ಹತ್ತೊಂಬತ್ತಕ್ಕೆ. ಹಿಂದಿನ ಎರಡು ವರ್ಷವೂ ಅವಳು ಬಿದ್ದದ್ದು ಅಲ್ಲೇ. ಇದು ಮೂರನೆಯ ಸಲ, ಇದಾದ ಮೇಲೆ ಅವಳ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲವಂತೆ. ಅಲ್ಲಿ ಪುಸ್ತಕದ ಪ್ರಶ್ನೆ ಕೇಳುವುದಿಲ್ಲ. ಒಂದು ಕೋಣೆಯಲ್ಲಿ ಯಾರನ್ನೋ ಕೂರಿಸಿರುತ್ತಾರೆ, ಅಳುವವರೋ, ಸಿಟ್ಟಿನವರೋ, ನೋವಿನವರೋ. ಅವರ ಜೊತೆ ನಮ್ಮ ಹುಡುಗರು ಹೇಗೆ ಮಾತಾಡುತ್ತಾರೆಂದು ಮೂಲೆಯಲ್ಲಿ ಕೂತು ನೋಡಿ ಅಂಕ ಹಾಕುತ್ತಾರೆ. ಇವಳೋ, ಎದುರಿಗಿರುವವರ ಕಣ್ಣಲ್ಲಿ ನೀರು ಕಂಡರೆ ನಾಲಗೆ ಸೇದಿಹೋಗುವ ಹುಡುಗಿ. ಪುಸ್ತಕದ ಮುಂದೆ ಹುಲಿ, ಮನುಷ್ಯರ ಮುಂದೆ ಇಲಿ ಎಂದು ನಿನ್ನ ಭಾವ ರೇಗಿಸುತ್ತಾರೆ.

ಅಂಥ ಕೋಣೆಯಲ್ಲಿ ಕೂರುವುದೇ ನನ್ನ ಹೊಟ್ಟೆಪಾಡು ಎಂಬುದು ತಮಾಷೆ ನೋಡು. ನಾಟಕದ ತಂಡ ಮುಚ್ಚಿದ ಮೇಲೆ ನಾನು ಏನು ಮಾಡುತ್ತಿದ್ದೇನೆಂದು ನಿನಗೆ ಸರಿಯಾಗಿ ಹೇಳಿರಲಿಲ್ಲ, ನಗುತ್ತೀ ಎಂದು. ಇಲ್ಲಿನ ಕಾಲೇಜಿನಲ್ಲಿ ನಾನು ಸುಳ್ಳು ರೋಗಿ. ಅವಳು ಅರ್ಜಿ ಹಾಕಿರುವುದು ಬೇರೆ ಕಾಲೇಜಿಗೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪರೀಕ್ಷೆಯ ದಿನ ನನಗೊಂದು ಹಸಿರು ಪರದೆ, ಒಂದು ಮಂಚ, ಒಂದು ಕಾಯಿಲೆ ಕೊಡುತ್ತಾರೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಹೊಟ್ಟೆ ಒತ್ತುತ್ತಾರೆ, "ಇಲ್ಲಿ ನೋವಾ ಅಮ್ಮಾ?" ಎನ್ನುತ್ತಾರೆ. ಗಂಟೆ ಬಾರಿಸಿದ ಕೂಡಲೇ ನನ್ನ ಕಾಯಿಲೆ ವಾಸಿ. ಮುಂದಿನವನು ಬರುವಷ್ಟರಲ್ಲಿ ಮತ್ತೆ ಶುರು. ಅಲ್ಲಿನ ದೊಡ್ಡ ಪ್ರೊಫೆಸರು ಒಮ್ಮೆ, "ನಿಮ್ಮಷ್ಟು ಚೆನ್ನಾಗಿ ನಮ್ಮ ನಿಜವಾದ ಪೇಷಂಟ್‌ಗಳೂ ನರಳಲ್ಲ" ಎಂದರು. ಆವತ್ತು ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಮತ್ತೊಂದು ಸಲ ನರಳಿ ನೋಡಿಕೊಂಡೆ.

ಹಾಗಾಗಿ ಈ ಸಲ ಮಗಳಿಗೆ ಮನೆಯಲ್ಲೇ ಅಭ್ಯಾಸ. ನಿಯಮ ಮಾಡಿದವಳು ಅವಳೇ. "ಅಮ್ಮ, ಈಗ ಶುರು ಮಾಡ್ತೀನಿ ಅಂತ ಹೇಳ್ಬೇಡ. ನಿಜವಾದ ಕಾಯಿಲೆ ಹೇಳಿ ಕೇಳಿ ಬರುತ್ತಾ? ನಿಂಗೆ ಯಾವಾಗ ಅನ್ಸುತ್ತೋ ಆವಾಗ ಬೀಳು. ಅಪ್ಪ ಲೋಟ ಬಡಿಯೋ ತನಕ ಪಾತ್ರ ಬಿಡ್ಬೇಡ" ಎಂದಳು. ನಿನ್ನ ಭಾವ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾ ಕೂತಿರುತ್ತಾರಲ್ಲ, ನಮ್ಮ ಮಾತು ಸಾಕಷ್ಟಾಯಿತು ಎನಿಸಿದಾಗ ಸ್ಟೀಲ್ ಲೋಟಕ್ಕೆ ಸ್ಕ್ರೂಡ್ರೈವರಿನಿಂದ ಬಡಿಯುವುದು ಅವರ ಕೆಲಸ. ಈರುಳ್ಳಿ ಹೆಚ್ಚುತ್ತಾ ನಾನು ಗಂಡ ಸತ್ತವಳಾಗುತ್ತಿದ್ದೆ. ಬಟ್ಟೆ ಹಿಂಡುತ್ತಾ ಕಾಲು ಮುರಿದುಕೊಳ್ಳುತ್ತಿದ್ದೆ. ಅವಳು ಎಲ್ಲಿದ್ದರೂ ಸ್ಟೂಲ್ ಎಳೆದುಕೊಂಡು ಓಡಿ ಬಂದು ಎದುರಿಗೆ ಕೂರುತ್ತಿದ್ದಳು. ಮೊದಮೊದಲು ತೊದಲುತ್ತಿದ್ದವಳು ಬರಬರುತ್ತಾ ಕಣ್ಣಿಗೆ ಕಣ್ಣಿಟ್ಟು ಮಾತಾಡುವಷ್ಟಾದಳು. ಒಮ್ಮೆ ಅವಳನ್ನು ಗಲಿಬಿಲಿ ಮಾಡೋಣವೆಂದು ಮಧ್ಯದಲ್ಲಿ, "ಇದು ಆಟ ಅಲ್ಲ ಕಣೇ, ನಿಜವಾಗ್ಲೂ ತಲೆ ತಿರುಗ್ತಿದೆ" ಎಂದೆ. ಅವಳು ನೀರು ತರಲು ಓಡಿದಳು. ಲೋಟ ಬಡಿದ ಮೇಲೆ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅಂಥ ಬುದ್ಧಿವಂತಿಕೆ ನನ್ನದು.

ಹೋದ ಶನಿವಾರ ಒಣಗಿದ ಬೆಡ್‌ಶೀಟುಗಳನ್ನು ತೆಗೆದುಕೊಂಡು ಮಹಡಿಯಿಂದ ಇಳಿಯುತ್ತಿದ್ದೆ. ಮೆಟ್ಟಿಲ ಮಧ್ಯದಲ್ಲಿ ಎದೆಯನ್ನು ಯಾರೋ ಒಳಗಿನಿಂದ ಮುಷ್ಟಿ ಕಟ್ಟಿ ಹಿಡಿದಂತಾಯಿತು. ಎಡ ಭುಜ, ದವಡೆ, ಎಲ್ಲ ಕಡೆ ಹರಿಯಿತು. ಅಲ್ಲೇ ಕೂತೆ. ಬೆಡ್‌ಶೀಟುಗಳು ಕೆಳಗೆ ಉರುಳಿದವು. ಗುಬ್ಬಿ, ಈ ಕಾಯಿಲೆ ನನಗೆ ಬಾಯಿಪಾಠ. ಹಸಿರು ಪರದೆಯ ಹಿಂದೆ ಅದನ್ನು ಎಷ್ಟೋ ಸಲ ಮಾಡಿದ್ದೇನೆ. ಎಲ್ಲಿ ಕೈ ಇಡಬೇಕು, ಎಷ್ಟು ಉಸಿರು ಬಿಡಬೇಕು ಎಲ್ಲ ಗೊತ್ತು. ನಿಜವಾದದ್ದು ಬಂದಾಗ ನನ್ನ ಕೈ ಅದೇ ಜಾಗಕ್ಕೆ ಹೋಯಿತು. ನನ್ನ ಹೆದರಿಕೆ ಹೇಗಿತ್ತೆಂದರೆ ಕಿರುಚಲೂ ಆಗಲಿಲ್ಲ.

ಮಗಳು ಬಂದಳು. ಎರಡು ಮೆಟ್ಟಿಲು ಕೆಳಗೆ ಕೂತಳು. "ನಮಸ್ಕಾರ ಅಮ್ಮ, ನಾನು ಇಲ್ಲಿನ ವಿದ್ಯಾರ್ಥಿ. ಏನಾಗ್ತಿದೆ ಹೇಳ್ತೀರಾ?" ಎಂದಳು.

"ಇದು ಆಟ ಅಲ್ಲ ಕಣೇ," ಎಂದೆ.

ಅವಳ ತುಟಿಯ ಅಂಚಿನಲ್ಲಿ ನಗು ಬಂತು. "ನಿಮಗೆ ಭಯ ಆಗಿದೆ ಅಂತ ಗೊತ್ತಾಗ್ತಿದೆ. ನಾನು ಜೊತೇಲೇ ಇರ್ತೀನಿ. ನೋವು ಎಲ್ಲಿಂದ ಶುರುವಾಯ್ತು? ಕೈಗೆ ಹೋಗ್ತಿದೆಯಾ? ಮನೇಲಿ ಬೇರೆ ಯಾರಿಗಾದ್ರೂ ಈ ತೊಂದ್ರೆ ಇತ್ತಾ?"

ಒಂದೊಂದು ಪ್ರಶ್ನೆಯೂ ಸರಿಯಾಗಿತ್ತು. ಅಷ್ಟು ಚೆನ್ನಾಗಿ ಅವಳು ಎಂದೂ ಮಾಡಿರಲಿಲ್ಲ. ನಾನು ಪ್ರತಿಯೊಂದಕ್ಕೂ ನಿಜವನ್ನೇ ಹೇಳಿದೆ. ನಮ್ಮ ಅಪ್ಪ ಹೋದದ್ದು ಹೀಗೆಯೇ ಎಂದೂ ಹೇಳಿದೆ. ಅವಳು ನನ್ನ ಕೈ ಹಿಡಿದು ತಲೆಯಾಡಿಸುತ್ತಿದ್ದಳು. ಎಷ್ಟು ಹೊತ್ತೋ ಏನೋ, ಕೊನೆಗೆ ಒಳಗಿನಿಂದ ಲೋಟದ ಸದ್ದಾಯಿತು. ಆ ಹೊತ್ತಿಗೆ ಹಿಡಿತ ಸಡಿಲವಾಗುತ್ತಾ ಬಂದಿತ್ತು. ಅವಳು ಎದ್ದು ನಿಂತು, "ಇವತ್ತು ಸ್ವಲ್ಪ ಅತಿ ಮಾಡ್ದೆ ಅಮ್ಮ. ಬೆವರು ಹೇಗೆ ತರಿಸ್ದೆ?" ಎಂದಳು.

"ಕಲೆ ಕಣೇ," ಎಂದು ನಕ್ಕೆ. ಯಾಕೆ ನಕ್ಕೆ ಎಂದು ಕೇಳಬೇಡ. ಹತ್ತೊಂಬತ್ತನೇ ತಾರೀಕು ಕಣ್ಣ ಮುಂದೆ ಬಂತು. ನಿಜ ಹೇಳಿದರೆ ಈ ಹುಡುಗಿ ಇನ್ನು ಯಾವ ರೋಗಿಯ ಎದುರಿಗೂ ಬಾಯಿ ಬಿಡುವುದಿಲ್ಲ ಎನಿಸಿತು.

ಸೋಮವಾರ ಯಾರಿಗೂ ಹೇಳದೆ ನಮ್ಮ ಕಾಲೇಜಿನ ಆಸ್ಪತ್ರೆಗೇ ಹೋದೆ. ಅಲ್ಲಿ ಇನ್ನೊಂದು ಕಥೆ. ಡ್ಯೂಟಿಯಲ್ಲಿದ್ದ ಎಳೆ ಡಾಕ್ಟರು ನನ್ನ ಹೊಟ್ಟೆ ಒತ್ತಿಯೇ ಪಾಸಾದವನು. "ಏನಮ್ಮ, ಇವತ್ತು ಪರೀಕ್ಷೆ ಇಲ್ವಲ್ಲ, ರಿಹರ್ಸಲ್ಲಾ?" ಎಂದು ನಕ್ಕ. ನರ್ಸೂ ನಕ್ಕಳು. ನಾನು ಅಳಲು ಶುರುಮಾಡಿದೆ. "ಅಬ್ಬಾ, ಕಣ್ಣೀರೂ ಬಂತು!" ಎಂದ. ಕೊನೆಗೆ ನನ್ನ ಸಮಾಧಾನಕ್ಕೆಂದು ಇಸಿಜಿ ತೆಗೆಸಿದ. ಕಾಗದ ಹೊರಬರುತ್ತಿದ್ದಂತೆ ಅವನ ಮುಖದ ನಗು ಇಳಿಯಿತು. ಆ ಮುಖ ನೋಡಿಯೇ ನನಗೆ ಎಲ್ಲ ತಿಳಿಯಿತು.

ಇವತ್ತೇ ಅಡ್ಮಿಟ್ ಆಗಬೇಕು, ರಕ್ತನಾಳ ಕಟ್ಟಿದೆ, ಯಾವ ಗಳಿಗೆಯಲ್ಲಿ ಏನಾಗುತ್ತದೋ ಹೇಳಲು ಬರುವುದಿಲ್ಲ ಎಂದರು. ಇಪ್ಪತ್ತಕ್ಕೆ ಬರುತ್ತೇನೆ ಎಂದೆ. ಬೈದರು. ಮಗಳಿಗೂ ಅಡ್ಮಿಷನ್, ಅಮ್ಮನಿಗೂ ಅಡ್ಮಿಷನ್, ಮೊದಲು ಅವಳದಾಗಲಿ ಎಂದೆ, ಯಾರೂ ನಗಲಿಲ್ಲ. ನನ್ನ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆಂದು ಸಹಿ ಹಾಕಿಸಿಕೊಂಡು ಕಳಿಸಿದರು. ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟಿದ್ದಾರೆ, ಸೆರಗಿನ ಗಂಟಿನಲ್ಲಿದೆ.

ಈಗ ಹೇಗಿದ್ದೇನೆಂದು ಹೇಳುತ್ತೇನೆ, ಕೇಳು. ತೇಗು ಬಂದರೂ ಜೀವ ಬಾಯಿಗೆ ಬರುತ್ತದೆ. ಮೆಟ್ಟಿಲು ಹತ್ತುವ ಮೊದಲು ನಿಂತು ಲೆಕ್ಕ ಹಾಕುತ್ತೇನೆ. ಸ್ನಾನದ ಕೋಣೆಯ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ. ಮಲಗಿದರೆ ಏಳುತ್ತೇನೋ ಇಲ್ಲವೋ ಎಂದು ನಿನ್ನ ಭಾವನ ಅಂಗಿಯ ಅಂಚು ಹಿಡಿದುಕೊಂಡು ಮಲಗುತ್ತೇನೆ. "ಈ ವಯಸ್ಸಲ್ಲಿ ಏನಿದು ಪ್ರೀತಿ!" ಎಂದು ಅವರು ನಾಚುತ್ತಾರೆ, ಪಾಪ. ನನಗೆ ಸಾಯಲು ಭಯ ಗುಬ್ಬಿ. ರಂಗದ ಮೇಲೆ ಎಷ್ಟು ಸಲ ಸತ್ತಿದ್ದೇನೆ, ಚಪ್ಪಾಳೆ ತೆಗೆದುಕೊಂಡಿದ್ದೇನೆ, ಅದ್ಯಾವುದೂ ಉಪಯೋಗಕ್ಕೆ ಬರುತ್ತಿಲ್ಲ. ಅದಕ್ಕಿಂತ ದೊಡ್ಡ ಭಯ, ಹತ್ತೊಂಬತ್ತಕ್ಕೆ ಮುಂಚೆ ಅವಳ ಎದುರಿಗೇ ಬಿದ್ದುಹೋದರೆ, ಅವಳು ಮತ್ತೆ ಸ್ಟೂಲ್ ಹಾಕಿಕೊಂಡು ಕೂತರೆ?

ಒಂದು ಪುಣ್ಯ, ಶನಿವಾರದಿಂದ ಅವಳು ಅಭ್ಯಾಸದ ಮಾತೆತ್ತಿಲ್ಲ. ಊಟಕ್ಕೂ ತಟ್ಟೆ ಮಹಡಿಗೇ ತೆಗೆದುಕೊಂಡು ಹೋಗುತ್ತಾಳೆ. ಓದು ಜಾಸ್ತಿ ಇರಬೇಕು.

ನೀನು ಹದಿನೆಂಟರ ಹೊತ್ತಿಗೆ ಬಂದುಬಿಡು. ಅವಳನ್ನು ಸಂದರ್ಶನಕ್ಕೆ ಕಳಿಸಿ, ಮಾರನೆಯ ದಿನ ನಾವಿಬ್ಬರೂ ಆಸ್ಪತ್ರೆಗೆ ಹೋಗೋಣ. ಅಲ್ಲಿಯವರೆಗೆ ಬಾಯಿ ಬಿಡಬೇಡ, ನನ್ನಾಣೆ. ನಿನ್ನ ಗಂಡನಿಗೆ ನನ್ನ ಹಾರೈಕೆ ತಿಳಿಸು. ಮಗುವಿನ ಹಲ್ಲು ಬಂದವೇ? ಅದರ ಎರಡೂ ಕೆನ್ನೆಗೆ ನನ್ನ ಮುತ್ತು. ನಿಮ್ಮ ಮನೆ ತಣ್ಣಗಿರಲಿ. ನಿನಗೆ ನನ್ನ ಆಯುಸ್ಸಿನಲ್ಲಿ ಸ್ವಲ್ಪ ಕೊಡುತ್ತೇನೆ ಎಂದು ಮೊದಲೆಲ್ಲ ಬರೆಯುತ್ತಿದ್ದೆ, ಈ ಸಲ ಅದೊಂದು ಬಿಟ್ಟು ಉಳಿದ ಎಲ್ಲ ಆಶೀರ್ವಾದ.

ನಿನ್ನ ಪ್ರೀತಿಯ
ಅಕ್ಕ

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಅವಳು ಅಡುಗೆಮನೆಗೆ ಬಂದಳು. ಆಸ್ಪತ್ರೆಯ ಆ ಎಳೆ ಡಾಕ್ಟರು ನಾನು ಹೇಗಿದ್ದೇನೆಂದು ವಿಚಾರಿಸಲು ಮನೆಗೆ ಫೋನ್ ಮಾಡಿದ್ದನಂತೆ, ತೆಗೆದವಳು ಇವಳು. ಕೂಗಾಡುತ್ತಾಳೆ ಎಂದುಕೊಂಡೆ. ಬಾಗಿಲಿಗೆ ಒರಗಿ, "ಅಮ್ಮ, ನಂಗೆ ಆವತ್ತೇ ಗೊತ್ತಾಗಿತ್ತು" ಎಂದಳು. "ನಿನ್ನ ಕೈ ತಣ್ಣಗಿತ್ತು. ಅದನ್ನ ಯಾರೂ ನಟಿಸೋಕಾಗಲ್ಲ. ನಿಜ ಅಂತ ಒಪ್ಕೊಂಡ್ರೆ ಏನಾದ್ರೂ ಮಾಡ್ಬೇಕಾಗಿತ್ತು. ನಂಗೆ ಅಷ್ಟು ಹೆದರಿಕೆ ಆಯ್ತು. ಅದಕ್ಕೆ ಆಟ ಅಂದ್ಕೊಂಡು ಪ್ರಶ್ನೆ ಕೇಳ್ತಾ ಕೂತೆ. ಅಪ್ಪ ಯಾವಾಗ ಲೋಟ ಬಡೀತಾರೋ ಅಂತ ಕಾಯ್ತಿದ್ದೆ. ಇಂಥೋಳು ಡಾಕ್ಟರ್ ಆಗ್ಬಾರ್ದು ಅಮ್ಮ. ಹತ್ತೊಂಬತ್ತಕ್ಕೆ ನಾನು ಹೋಗಲ್ಲ."

ಹಾಗೇನಿಲ್ಲ ಮಗಳೇ ಎನ್ನಬೇಕಿತ್ತು. ಆದರೆ ಆ ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಹೌದು, ಇವಳು ಆಗಬಾರದು ಎಂದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಗ್ಗೆ ನಾನೇ ಹಾಗೆ ಅಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಕೆಂದಾಗ ಬೇಕಾದ ಮುಖ ಹಾಕುವ ನನಗೆ ಆಗ ಮುಖ ಬದಲಿಸಲು ಆಗಲಿಲ್ಲ. ಅವಳು ಅದನ್ನು ಓದಿಕೊಂಡಳು.

ಅಪ್ಪನನ್ನು ಗಾಡಿ ತರಲು ಓಡಿಸಿದ್ದಾಳೆ, ನನ್ನ ಬಟ್ಟೆ ಚೀಲಕ್ಕೆ ತುಂಬಿದ್ದಾಳೆ. ಈಗ ಪಕ್ಕದಲ್ಲಿ ಕೂತು ನನ್ನ ಎಡಗೈಯ ನಾಡಿ ಹಿಡಿದಿದ್ದಾಳೆ, ಬಲಗೈಯಲ್ಲಿ ನಾನು ಇದನ್ನು ಬರೆಯುತ್ತಿದ್ದೇನೆ. ಅವಳ ಬೆರಳು ಗಡಗಡ ನಡುಗುತ್ತಿದೆ, ಆದರೂ ಕೈ ಬಿಟ್ಟಿಲ್ಲ. ಇದನ್ನು ನೋಡಿದ ಮೇಲೆ ನಾನು ಅಂದುಕೊಂಡದ್ದು ತಪ್ಪೆಂದು ಗೊತ್ತಾಗಿದೆ. ಇವಳು ಹೋಗಲೇಬೇಕು. ಹೋಗು ಎಂದು ಎರಡು ಸಲ ಹೇಳಿದೆ. ಅವಳು ತಲೆ ತಗ್ಗಿಸಿಯೇ, "ಸಾಕಮ್ಮ, ನಟನೆ ಚೆನ್ನಾಗಿ ಮಾಡ್ತೀಯ" ಅಂದಳು. ಹದಿನೆಂಟರವರೆಗೆ ಕಾಯಬೇಡ ಗುಬ್ಬಿ, ಕಾಗದ ಸಿಕ್ಕ ಕೂಡಲೇ ಹೊರಟು ಬಾ. ನಾನು ಇನ್ನೇನು ಹೇಳಿದರೂ ಅವಳಿಗೆ ನಟನೆ. ನೀನು ಬಂದು ಹೇಳು.